ಗೋಡೆಯ ಮೇಲಿನ ಚರಿತ್ರೆ: ನಮ್ಮೂರಿನ ಕಪ್ಪು ಬಿಳುಪು ಫೋಟೋಗಳನ್ನು ಕೂಡಿಡುವ ಬಗ್ಗೆ

ಒಂದು ಊರಿನ ಚರಿತ್ರೆ ಬರೆಯಲು ಹೊರಟವರು ಮೊದಲು ಶಾಸನ ಹುಡುಕುತ್ತಾರೆ, ಆಮೇಲೆ ಕಂದಾಯದ ಕಡತ, ಕೊನೆಗೆ ಹಿರಿಯರ ನೆನಪು. ನಮ್ಮ ಸೀಮೆಗೆ ಶಾಸನಗಳ ಬರವಿಲ್ಲ. ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೆಯ ಸಂಪುಟ ಅಂದಿನ ಕಡೂರು ಜಿಲ್ಲೆಗೇ ಮೀಸಲಾಗಿದೆ. ನಮ್ಮ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ದೇವಾಲಯ ಕಟ್ಟಿಸಿದ ಅಮೃತೇಶ್ವರ ದಂಡನಾಯಕನ ಹೆಸರು ಎಂಟು ನೂರು ವರ್ಷಗಳ ಮೇಲೂ ನಮಗೆ ಗೊತ್ತು. ಆದರೆ ಎಪ್ಪತ್ತು ವರ್ಷಗಳ ಹಿಂದೆ ಲಕ್ಕವಳ್ಳಿಯ ಅಣೆಕಟ್ಟೆಗೆ ಕಲ್ಲು ಹೊತ್ತ ಒಬ್ಬ ಹೆಂಗಸಿನ ಹೆಸರು ಹೇಳಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ. ಶಾಸನ ಬರೆಸುವ ಶಕ್ತಿ ಅವಳಿಗಿರಲಿಲ್ಲ, ಕಡತದಲ್ಲಿ ಅವಳು ಒಂದು ದಿನಗೂಲಿ ಮಾತ್ರ. ಅವಳ ಗುರುತು ಎಲ್ಲಾದರೂ ಉಳಿದಿದ್ದರೆ ಅದು ಒಂದು ಕಪ್ಪು ಬಿಳುಪು ಫೋಟೋದಲ್ಲಿ, ಯಾರದೋ ಮನೆಯ ಟ್ರಂಕಿನ ತಳದಲ್ಲಿ ಉಳಿದಿರಬೇಕು.

ಅಂಥ ಫೋಟೋಗಳನ್ನು ಹುಡುಕಿ ಕೂಡಿಡುವುದು ಸಿರಿವಂತರ ಹವ್ಯಾಸ ಎಂಬ ಭಾವನೆ ಇದೆ. ದೊಡ್ಡ ಊರುಗಳಲ್ಲಿ ಅದು ನಿಜವೂ ಹೌದು. ಅಲ್ಲಿ ಹಳೆಯ ಫೋಟೋಗಳು ಹರಾಜಿಗೆ ಬರುತ್ತವೆ, ಹೆಸರಾಂತ ಛಾಯಾಗ್ರಾಹಕರ ಪ್ರತಿಗಳಿಗೆ ದೊಡ್ಡ ಬೆಲೆ ಸಿಗುತ್ತದೆ. ನಮ್ಮಂಥ ಊರಿನಲ್ಲಿ ಈ ಕೆಲಸಕ್ಕೆ ಬೇರೆಯೇ ಅರ್ಥವಿದೆ. ಇಲ್ಲಿ ಅದು ಚರಿತ್ರೆಯ ಆಕರಗಳನ್ನು ಕಾಪಾಡುವ ಕೆಲಸ.

ಕನ್ನಡ ನಾಡಿಗೆ ಕ್ಯಾಮೆರಾ ಬಂದು ಬಹಳ ಕಾಲವಾಯಿತು. 1839ರಲ್ಲಿ ಫ್ರಾನ್ಸಿನಲ್ಲಿ ಡಾಗೇರ್ ತನ್ನ ವಿಧಾನವನ್ನು ಜಗತ್ತಿಗೆ ತಿಳಿಸಿದ. 1856ರ ಹೊತ್ತಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಗುಡಿ ಗೋಪುರಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದ. ನೂರಕ್ಕೂ ಹೆಚ್ಚು ವರ್ಷಗಳ ನಂತರ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ಯಾವ ಮಂಟಪ ಉಳಿಯಿತು, ಯಾವುದು ಬಿತ್ತು ಎಂಬುದು ಕಣ್ಣಿಗೆ ಕಟ್ಟಿತು. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೇ ಫೋಟೋಗಳೊಂದಿಗೆ ಪ್ರಕಟವಾಯಿತು. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ದೇವಾಲಯಗಳ ಚಿತ್ರಪುಟಗಳಿರುತ್ತಿದ್ದವು.

ಗಮನಿಸಿ, ಈ ಎಲ್ಲ ಚಿತ್ರಗಳಲ್ಲಿ ಕಲ್ಲಿಗೇ ಮೊದಲ ಮಣೆ. ಮನುಷ್ಯ ಕಾಣಿಸಿದರೂ ಕಂಬದ ಎತ್ತರ ತೋರಿಸುವ ಅಳತೆಗೋಲಾಗಿ ನಿಂತಿರುತ್ತಾನೆ. ಸಾಮಾನ್ಯ ಜನರ ಮುಖಗಳು ಕಾಗದದ ಮೇಲೆ ಉಳಿಯತೊಡಗಿದ್ದು ಸ್ಟುಡಿಯೋಗಳು ಪೇಟೆಗಳಿಗೆ ಬಂದ ಮೇಲೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಅವರಂಥವರು ಬೀದಿಯ ಮಗುವನ್ನೂ ಶಾಲೆಯ ಹುಡುಗಿಯನ್ನೂ ಗೌರವದಿಂದ ನೋಡುವುದನ್ನು ಕ್ಯಾಮೆರಾಕ್ಕೆ ಕಲಿಸಿದರು. ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ನ್ಯೂಯಾರ್ಕ್ ಕಚೇರಿಯಲ್ಲಿ ಪ್ರದರ್ಶನ ಕಂಡವು.

ಈಗ ನಮ್ಮೂರಿಗೆ ಬರೋಣ. ಭದ್ರಾ ಅಣೆಕಟ್ಟೆಯ ಕೆಲಸ 1947ರ ಹೊತ್ತಿಗೆ ಆರಂಭವಾಗಿ 1960ರ ದಶಕದವರೆಗೆ ನಡೆಯಿತು. 186 ಅಡಿ ತುಂಬಿದರೆ ಸುಮಾರು 71.5 ಟಿಎಂಸಿ ನೀರು. ಆ ನೀರು ಶಿವಮೊಗ್ಗ, ದಾವಣಗೆರೆ, ಬಳ್ಳಾರಿ ಕಡೆಯ ಗದ್ದೆಗಳಿಗೆ ಹರಿಯಿತು. ಹಿನ್ನೀರು ನರಸಿಂಹರಾಜಪುರದವರೆಗೆ ಹಬ್ಬಿತು. ಅದರಡಿಯಲ್ಲಿ ಊರುಗಳು, ಗದ್ದೆಗಳು, ತೋಟಗಳು, ಗುಡಿಗಳು, ಹಾದಿಗಳು ಮುಳುಗಿದವು. ಊರು ಬಿಡುವಾಗ ಜನ ಪಾತ್ರೆ, ದನ, ದೇವರ ವಿಗ್ರಹಗಳನ್ನು ಒಯ್ದರು. ಮನೆಯ ಜಗುಲಿಯನ್ನು, ಕಣವನ್ನು, ಊರಮುಂದಿನ ಮರವನ್ನು ಒಯ್ಯಲಾಗಲಿಲ್ಲ. ಅವು ಉಳಿಯಬಹುದಾಗಿದ್ದ ಒಂದೇ ಜಾಗವೆಂದರೆ ಫೋಟೋ. ಮದುವೆಯ ಗುಂಪುಚಿತ್ರದಲ್ಲಿ ವಧೂವರರ ಹಿಂದೆ ಅರ್ಧ ಕಾಣುವ ಬಾಗಿಲು ಇಂದು ವಧೂವರರಷ್ಟೇ ಮುಖ್ಯವಾದ ದಾಖಲೆ. ಆ ಬಾಗಿಲು ಈಗ ನೀರಿನ ಕೆಳಗಿದೆ.

ದೊಡ್ಡ ಕಾಮಗಾರಿಗಳ ಪ್ರಗತಿಯನ್ನು ಫೋಟೋದಲ್ಲಿ ದಾಖಲಿಸುವುದು ಇಂಜಿನಿಯರುಗಳ ರೂಢಿ. ಅಂಥ ಚಿತ್ರಗಳು ಅಡಿಪಾಯ, ಗೋಡೆ, ತೂಬುಗಳನ್ನು ತೋರಿಸಲು ತೆಗೆದವು. ಅವುಗಳ ಕೆಳಗೆ ಸಾಮಾನ್ಯವಾಗಿ ಅಧಿಕಾರಿಗಳ, ಬಂದ ಗಣ್ಯರ ಹೆಸರುಗಳಿರುತ್ತವೆ. ಬಾಣಲಿ ಹೊತ್ತು ಸಾಲಿನಲ್ಲಿ ನಡೆಯುವವರಿಗೆ ಹೆಸರಿಲ್ಲ. ಆದರೆ ಚಿತ್ರ ಉಳಿದಿದ್ದರೆ, ಅದನ್ನು ನೋಡಿ “ಇದು ನಮ್ಮ ಅಜ್ಜಿ” ಎಂದು ಹೇಳುವವರು ಒಬ್ಬರಾದರೂ ಬದುಕಿದ್ದರೆ, ಆ ಹೆಸರನ್ನು ಇಂದೂ ಬರೆಯಬಹುದು. ಚಿತ್ರವೂ ಗುರುತಿಸುವವರೂ ಎರಡೂ ಇರುವ ಕಾಲ ಇನ್ನು ಹೆಚ್ಚು ದಿನ ಇರದು. ಅಣೆಕಟ್ಟೆ ಕಟ್ಟುವಾಗ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ.

ಹಳೆಯ ಫೋಟೋವನ್ನು ಓದುವುದಕ್ಕೂ ಒಂದು ಕ್ರಮವಿದೆ. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಚಿತ್ರಗಳು ಮೊಟ್ಟೆಯ ಬಿಳಿಭಾಗ ಸವರಿದ ತೆಳುಕಾಗದದ ಮೇಲೆ ಮೂಡಿದವು. ಕಂದುಬಣ್ಣಕ್ಕಿದ್ದು, ದಪ್ಪ ರಟ್ಟಿಗೆ ಅಂಟಿಸಿರುತ್ತವೆ. ನಮ್ಮ ಮನೆಗಳಲ್ಲಿರುವವು ಹೆಚ್ಚಾಗಿ ಅದರ ನಂತರದ ಕಾಲದ, ಜೆಲಾಟಿನ್ ಪದರದಲ್ಲಿ ಬೆಳ್ಳಿಯ ಕಣಗಳಿರುವ ಪ್ರತಿಗಳು. ಕತ್ತಲೆ ಕೋಣೆಯಲ್ಲಿ ಕೆಂಪು ಬಲ್ಬಿನ ಬೆಳಕಿನಲ್ಲಿ ಕಾಗದವನ್ನು ಡೆವಲಪರ್‌ನಲ್ಲಿ ಅದ್ದಿ, ಹೈಪೋದಲ್ಲಿ ಸ್ಥಿರಗೊಳಿಸಿ, ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸುತ್ತಿದ್ದರು. ತೊಳೆಯುವುದರಲ್ಲಿ ಅವಸರ ಮಾಡಿದ್ದರೆ ಉಳಿದ ಹೈಪೋ ವರ್ಷಗಳು ಕಳೆದಂತೆ ಚಿತ್ರವನ್ನು ಹಳದಿಗೆ ತಿರುಗಿಸಿ ಮಾಸಿಸುತ್ತದೆ. ಕಪ್ಪು ಭಾಗಗಳಲ್ಲಿ ಕನ್ನಡಿಯಂಥ ನೀಲಿ ಹೊಳಪು ಕಂಡರೆ ಬೆಳ್ಳಿ ಮೇಲಕ್ಕೆ ಬರುತ್ತಿದೆ ಎಂದು ತಿಳಿಯಬೇಕು.

ಅಳತೆಯೂ ಮಾತಾಡುತ್ತದೆ. ಅಂಗೈಯಲ್ಲಿ ಹಿಡಿಸುವ ಚೌಕದ ಸಣ್ಣ ಚಿತ್ರವಾದರೆ ಅದು ಅಗ್ಫಾ ಕ್ಲಿಕ್ ತರಹದ ಕ್ಯಾಮೆರಾದಿಂದ ಬಂದಿರಬಹುದು. ಒಂದು ರೋಲಿಗೆ 12 ಚಿತ್ರ, ಆರು ಸೆಂಟಿಮೀಟರಿನ ಚೌಕ. ಅಂದರೆ ಅದನ್ನು ತೆಗೆದವರು ಸ್ಟುಡಿಯೋದವರಲ್ಲ, ಮನೆಯವರೋ ನೆಂಟರೋ. ಮನೆಯವರು ತೆಗೆದ ಚಿತ್ರದಲ್ಲಿ ಜನ ನಗುತ್ತಾರೆ, ಅಡಿಗೆಮನೆಯ ಹೊಗೆ ಕಾಣುತ್ತದೆ. ಸ್ಟುಡಿಯೋದಲ್ಲಾದರೆ ಬಣ್ಣ ಬಳಿದ ಪರದೆ, ಹೂದಾನಿ, ಸಾಲ ಪಡೆದ ಕೋಟು, ಉಸಿರು ಬಿಗಿಹಿಡಿದ ಮುಖ. ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಆರಂಭಿಸಿ ‘ಇಂದು’ ಹೆಸರಿನಲ್ಲಿ ಫಿಲಂ, ಕಾಗದಗಳನ್ನು ಮಾರಿತು. ಫೋಟೋದ ಹಿಂಬದಿಯಲ್ಲಿ ಆ ಹೆಸರು ಕಂಡರೆ ಅದು ಅದಕ್ಕಿಂತ ಹಿಂದಿನದಲ್ಲ ಎಂಬುದು ಖಚಿತ. ಸ್ಟುಡಿಯೋದ ಮೊಹರು, ಪೆನ್ಸಿಲಿನ ಬರಹ, ಅಂಚಿನ ಕತ್ತರಿಕೆ ಎಲ್ಲವೂ ಇಂಥ ಸುಳಿವುಗಳೇ. ಆದ್ದರಿಂದ ಫೋಟೋವನ್ನು ನೋಡುವಾಗ ಮೊದಲು ತಿರುಗಿಸಿ ಹಿಂಬದಿ ನೋಡಬೇಕು.

ಸಂಗ್ರಹಕಾರರು ‘ಮೂಲಪ್ರತಿ’ಗೆ ಬೆಲೆ ಕಟ್ಟುವುದೂ ಇದೇ ಕಾರಣಕ್ಕೆ. ನೆಗೆಟಿವ್ ತೆಗೆದ ಕಾಲದಲ್ಲೇ ಮಾಡಿದ ಪ್ರತಿಯಲ್ಲಿ ಆ ಕಾಲದ ಕಾಗದ, ಆ ಕಾಲದ ಕೈಕೆಲಸ, ಹಿಂಬದಿಯ ಬರಹ ಇರುತ್ತವೆ. ಹಳೆಯ ಚಿತ್ರವನ್ನೇ ಮತ್ತೆ ಫೋಟೋ ತೆಗೆದು ದೊಡ್ಡದು ಮಾಡಿಸಿ, ಬಣ್ಣ ಹಚ್ಚಿಸಿ, ಹಾರ ಹಾಕಿ ಗೋಡೆಗೆ ಏರಿಸುವುದು ನಮ್ಮಲ್ಲಿ ವಾಡಿಕೆ. ಹಾಗೆ ಮಾಡಿಸಿದ ಮೇಲೆ ಮೂಲದ ಸಣ್ಣ ಚಿತ್ರವನ್ನು ಎಸೆದುಬಿಡುತ್ತಾರೆ. ದೊಡ್ಡದರಲ್ಲಿ ಅಜ್ಜನ ಮುಖ ಮಾತ್ರ ಉಳಿಯುತ್ತದೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೂ, ಹಿಂದಿದ್ದ ಹಟ್ಟಿಯೂ ಹೋಗಿರುತ್ತವೆ.

ಎಲ್ಲರಿಗೂ ಫೋಟೋ ತೆಗೆಸಿಕೊಳ್ಳುವ ಅನುಕೂಲ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಜಮೀನುಳ್ಳವರ ಮನೆಯಲ್ಲಿ ಆಲ್ಬಂ ಇತ್ತು, ಕೂಲಿಯವರ ಮನೆಯಲ್ಲಿ ಇರಲಿಲ್ಲ. ಬಡವರ ಮಗ ಅಥವಾ ಮಗಳು ಮೊದಲ ಸಲ ಫೋಟೋದಲ್ಲಿ ಕಾಣಿಸಿಕೊಂಡದ್ದು ಎಷ್ಟೋ ಸಲ ಶಾಲೆಯ ಗುಂಪುಚಿತ್ರದಲ್ಲಿ. ಅಲ್ಲಿ ಮೇಷ್ಟ್ರು ಕುರ್ಚಿಯಲ್ಲಿ, ಹುಡುಗಿಯರು ಮುಂದೆ, ಎತ್ತರದ ಹುಡುಗರು ಹಿಂದಿನ ಬೆಂಚಿನ ಮೇಲೆ. ಜಾತಿ, ಹಣ ಯಾವುದೂ ಕೇಳದೆ ಎಲ್ಲರನ್ನೂ ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿದ್ದು ಸರ್ಕಾರಿ ಶಾಲೆ. ಹಾಗಾಗಿ ಊರಿನ ಚಿತ್ರಸಂಗ್ರಹವನ್ನು ಆರಂಭಿಸಲು ಶಾಲೆಗಿಂತ ಯೋಗ್ಯವಾದ ಜಾಗ ಇನ್ನೊಂದಿಲ್ಲ.

ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಮನೆಯವರಿಂದ ಮೂಲಪ್ರತಿಯನ್ನು ಕಿತ್ತುಕೊಳ್ಳಬಾರದು, ಕೇಳಿ ತಂದು, ಸ್ಕ್ಯಾನ್ ಮಾಡಿ, ಹಿಂದಿರುಗಿಸಬೇಕು. ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು. ಚಿತ್ರದಲ್ಲಿರುವವರು ಯಾರು, ಎಲ್ಲಿ, ಸುಮಾರು ಯಾವ ವರ್ಷ, ಹೇಳಿದವರು ಯಾರು ಎಂಬ ನಾಲ್ಕು ಮಾತನ್ನು ಒಂದು ರಿಜಿಸ್ಟರಿನಲ್ಲಿ ಬರೆಯಬೇಕು. ಎಲ್ಲರಿಗೂ ತೋರಿಸಬಹುದೇ ಎಂದು ಮನೆಯವರನ್ನು ಕೇಳಬೇಕು, ಬೇಡ ಎಂದರೆ ಅದನ್ನು ಗೌರವಿಸಬೇಕು. ಮನೆಯಲ್ಲಿ ಇಡುವವರು ಅಂಟು ಹಾಳೆಯ ಆಲ್ಬಂನಿಂದ ದೂರವಿರಲಿ, ಆ ಅಂಟು ಚಿತ್ರವನ್ನು ತಿನ್ನುತ್ತದೆ. ಸೆಲ್ಲೋಟೇಪು ಬೇಡ, ಬಾಲ್‌ಪೆನ್ ಬೇಡ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಮಲೆನಾಡಿನ ಮಳೆಗಾಲದ ತೇವವೇ ಇವುಗಳ ಮೊದಲ ಶತ್ರು. ಹೊರಗೋಡೆಗೆ ತಾಗಿಸಿ ನೇತುಹಾಕಿದ ಚಿತ್ರ ಗಾಜಿಗೇ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಇಂದು ಲಕ್ಕವಳ್ಳಿಗೆ ದೂರದೂರದಿಂದ ಛಾಯಾಗ್ರಾಹಕರು ಬರುತ್ತಾರೆ. ಹಿನ್ನೀರಿನ ದಿಬ್ಬಗಳ ಮೇಲೆ ಗೂಡು ಕಟ್ಟುವ ರೀವ ಹಕ್ಕಿಗಳ ಸಾವಿರಾರು ಚಿತ್ರಗಳನ್ನು ಒಂದೇ ಬೆಳಗಿನಲ್ಲಿ ತೆಗೆಯುತ್ತಾರೆ. ಸಂತೋಷದ ಮಾತೇ. ಆದರೆ ಆ ನೀರಿಗೆ ಜಾಗ ಬಿಟ್ಟುಕೊಟ್ಟವರ ಚಿತ್ರಗಳು ಎಷ್ಟು ಉಳಿದಿವೆ ಎಂದು ಎಣಿಸಿದವರಿಲ್ಲ. ಭದ್ರಾ ಅಭಯಾರಣ್ಯದ ಒಳಗಿನ ಹಳ್ಳಿಗಳವರು 2001ರ ಸುಮಾರಿಗೆ ಹೊರಬಂದು ಎಂ.ಸಿ. ಹಳ್ಳಿಯಂಥ ಕಡೆ ನೆಲೆಸಿದರು. ಅವರ ಬಿಟ್ಟುಬಂದ ಮನೆಗಳ ಚಿತ್ರಗಳೂ ಈ ಸಂಗ್ರಹಕ್ಕೆ ಸೇರಬೇಕು.

ಈ ಸಂಚಿಕೆ ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ದಸರೆಗೋ ಯುಗಾದಿಗೋ ಊರಿಗೆ ಬಂದಾಗ ಅಟ್ಟದ ಟ್ರಂಕನ್ನು ಕೆಳಗಿಳಿಸಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಫೋಟೋವನ್ನೂ ಕೈಗಿಟ್ಟು ಕೇಳಿ. ಅವರು ಹೇಳಿದ ಹೆಸರುಗಳನ್ನು ಅಂದೇ ಬರೆದುಕೊಳ್ಳಿ. ಒಂದು ಪ್ರತಿಯನ್ನು ಶಾಲೆಗೆ ಕೊಡಿ. ಶಾಲೆಯ ಶತಮಾನೋತ್ಸವದ ಸಂಚಿಕೆ ಬರೆಯುವವರಿಗೆ ನಾವು ಬಿಟ್ಟುಹೋಗಬಹುದಾದ ಆಸ್ತಿಗಳಲ್ಲಿ ಅದೂ ಒಂದು.