ಭರ್ತಿಮಣ್ಣು

ಕಟ್ಟಡದ ನಿವೇಶನದ ತಗ್ಗನ್ನು ತುಂಬಿ, ಪಾಯದ ಅಥವಾ ನೆಲಗಟ್ಟಿನ ಭಾರವನ್ನು ಕುಸಿಯದೆ ಹೊರುವಂತೆ ಪದರಪದರವಾಗಿ ಹಾಸಿ ದಮ್ಮಸ್ಸು ಮಾಡುವ, ಪರೀಕ್ಷಿಸಿ ಆಯ್ದ ಮಣ್ಣು. ದಪ್ಪ ಸಣ್ಣ ಕಣಗಳು ಹಿತಮಿತವಾಗಿ ಬೆರೆತು, ಜೇಡಿಯ ಅಂಶ ಅಲ್ಪವಾಗಿದ್ದು, ನೀರು ಸುಲಭವಾಗಿ ಬಸಿದುಹೋಗುವ ಗರಸು, ಮೊರಂ ಮತ್ತು ಜಲ್ಲಿಮಿಶ್ರಿತ ಮರಳು ಇದಕ್ಕೆ ಪ್ರಶಸ್ತವಾದುವು. ಉತ್ತರ ಕರ್ನಾಟಕದ ಎರೆಮಣ್ಣು ಮಾಂಟ್‌ಮೊರಿಲೊನೈಟ್ ವರ್ಗದ ಜೇಡಿಖನಿಜಗಳ ದೆಸೆಯಿಂದ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದಲೂ, ಬೇರು ಎಲೆಗಳುಳ್ಳ ಮೇಲ್ಮಣ್ಣು ಕಾಲಕ್ರಮೇಣ ಕೊಳೆತು ಕುಗ್ಗುವುದರಿಂದಲೂ ವರ್ಜ್ಯವೆನಿಸಿವೆ.

ಪ್ರತಿಯೊಂದು ಮಣ್ಣೂ ನಿಯತ ಪ್ರಮಾಣದ ದಮ್ಮಸ್ಸಿಗೆ ಒಂದು ನಿರ್ದಿಷ್ಟ ತೇವಾಂಶದಲ್ಲಿ ಮಾತ್ರ ಗರಿಷ್ಠ ಶುಷ್ಕಸಾಂದ್ರತೆಯನ್ನು ಪಡೆಯುವುದೆಂಬ ತತ್ತ್ವವನ್ನು ಅಮೆರಿಕದ ಎಂಜಿನಿಯರ್ ಆರ್. ಆರ್. ಪ್ರಾಕ್ಟರ್ 1933ರಲ್ಲಿ ಪ್ರಕಟಿಸಿದನು. ಭಾರತದಲ್ಲಿ ಮಣ್ಣಿನ ವರ್ಗೀಕರಣಕ್ಕೆ ಐ.ಎಸ್. 1498, ಪರೀಕ್ಷೆಗಳಿಗೆ ಐ.ಎಸ್. 2720 ಮಾನಕಗಳು ಆಧಾರ. ಸಾಮಾನ್ಯವಾಗಿ 150ರಿಂದ 200 ಮಿ.ಮೀ. ದಪ್ಪದ ಒಂದೊಂದು ಪದರವೂ ಪ್ರಯೋಗಶಾಲೆಯ ಗರಿಷ್ಠ ಸಾಂದ್ರತೆಯ ಶೇ. 95ರಷ್ಟನ್ನು ಮುಟ್ಟಿದ ಬಳಿಕವೇ ಮೇಲಿನ ಪದರವನ್ನು ಹಾಸಲಾಗುತ್ತದೆ. ಮುಷ್ಟಿಯಲ್ಲಿ ಅದುಮಿದ ಮಣ್ಣು ಉಂಡೆಗಟ್ಟಿ, ಬೆರಳಿನಿಂದ ಒತ್ತಿದೊಡನೆ ಪುಡಿಪುಡಿಯಾಗದೆ ಕೆಲವೇ ತುಂಡುಗಳಾಗಿ ಒಡೆಯುವುದು ತೇವ ಹದವಾಗಿರುವುದರ ಸ್ಥೂಲಲಕ್ಷಣ. ಅಯೋಗ್ಯವಾದ ಭರ್ತಿಯು ಅಸಮವಾಗಿ ಕುಸಿಯುವುದೇ ಗೋಡೆಯ ಓರೆಬಿರುಕಿಗೂ ನೆಲದ ಇಳಿತಕ್ಕೂ ಒಂದು ಮುಖ್ಯ ಕಾರಣವಾದುದರಿಂದ, ಮಣ್ಣಿನ ಆಯ್ಕೆಯು ಅಸ್ತಿಭಾರದ ವಿನ್ಯಾಸದ ಅವಿಭಾಜ್ಯ ಅಂಗವಾಗಿದೆ.