ಸೈನ್ಯಕ್ಕೆ ಸೇರಿದವರು ಮತ್ತು ಯುದ್ಧದ ಚಿತ್ರ: ಮೊದಲನೆಯ ಮಹಾಯುದ್ಧದ ಭಾರತೀಯ ಸಿಪಾಯಿಗಳನ್ನು ಕುರಿತು ಒಂದು ವಿವೇಚನೆ

ಜನರು ಸೈನ್ಯಕ್ಕೆ ಏಕೆ ಸೇರುತ್ತಾರೆ ಎಂಬ ಪ್ರಶ್ನೆಗೆ ಇತಿಹಾಸಗ್ರಂಥಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. ಸ್ವಾಮಿಭಕ್ತಿ ಅಥವಾ ದೇಶಭಕ್ತಿ ಎಂಬುದು ಒಂದು. ಹೊಟ್ಟೆಯ ಪಾಡು ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವವರು ಯೋಧನನ್ನು ವೀರನೆಂದು ಕೊಂಡಾಡುವರು. ಎರಡನೆಯದನ್ನು ಹೇಳುವವರು ಅವನನ್ನು ಕೂಲಿಯ ಬಂಟನೆಂದು ಕಡೆಗಣಿಸುವರು. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧಕ್ಕೆ ಹೋದ ಭಾರತೀಯ ಸಿಪಾಯಿಗಳಿಗೆ ಈ ಎರಡು ಹೆಸರುಗಳೂ ಬಂದಿವೆ. ಇವೆರಡೂ ಆ ಜನರ ನಿಜಸ್ಥಿತಿಯಿಂದ ಹುಟ್ಟಿದುವಲ್ಲ, ಯುದ್ಧವನ್ನು ದೂರದಿಂದ ನೋಡಿದವರಿಗಾಗಿ ರಚಿತವಾದ ಚಿತ್ರಗಳಿಂದ ಹುಟ್ಟಿದುವು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಯುದ್ಧದ ಚಿತ್ರ ಎಂಬುದು ಕನ್ನಡಿಗರಿಗೆ ಹೊಸದಲ್ಲ. ನಮ್ಮ ವೀರಗಲ್ಲುಗಳಲ್ಲಿ ಕೆಳಗಿನ ಹಲಗೆಯಲ್ಲಿ ಕಾಳಗವೂ, ನಡುವೆ ವೀರನನ್ನು ಕರೆದೊಯ್ಯುವ ಸುರಾಂಗನೆಯರೂ, ಮೇಲೆ ಶಿವಸಾನ್ನಿಧ್ಯವೂ ಕೆತ್ತಲ್ಪಟ್ಟಿರುವುದನ್ನು ಎಲ್ಲರೂ ಬಲ್ಲರು. ಆದರೆ ಅದೇ ಕಲ್ಲಿನ ಶಾಸನವನ್ನು ಓದಿದರೆ ಬೇರೊಂದು ಸಂಗತಿಯೂ ತಿಳಿದುಬರುತ್ತದೆ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಗಂಗರ ಕಾಲದ ಬೇಗೂರಿನ ಶಿಲೆ ಇದಕ್ಕೆ ಉತ್ತಮ ನಿದರ್ಶನ. ಚಿತ್ರದಲ್ಲಿ ಆನೆ ಕುದುರೆಗಳ ಘೋರ ಸಂಗ್ರಾಮವಿದೆ. ಶಾಸನದಲ್ಲಿ, ಮಡಿದ ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ವಿವರವಿದೆ. ಮಡಿದವರ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರೇ ಇದ್ದಿತು. ಸ್ವರ್ಗವೂ ಹೊಲವೂ ಒಂದೇ ಕಲ್ಲಿನ ಮೇಲಿದ್ದುವು. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಡುವ ಅಗತ್ಯ ಆ ಕಾಲದವರಿಗೆ ತೋರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈ ಎರಡೂ ಬೇರೆ ಬೇರೆ ಕಾಗದಗಳಿಗೆ ಹೋದುವು. ಸ್ವರ್ಗ ವೃತ್ತಪತ್ರಿಕೆಗೆ ಹೋಯಿತು. ಹೊಲ ಸರ್ಕಾರದ ಕಡತಕ್ಕೆ ಹೋಯಿತು.

ಚಿತ್ರವೇ ಜನರನ್ನು ಸೈನ್ಯಕ್ಕೆ ಎಳೆಯಿತೆಂಬ ನಂಬಿಕೆಯನ್ನು ಮೊದಲು ಪರೀಕ್ಷಿಸಬೇಕು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ, ಬೆರಳು ಚಾಚಿ ನಿಂತ ಲಾರ್ಡ್ ಕಿಚನರನ ಚಿತ್ರ. ಆಲ್ಫ್ರೆಡ್ ಲೀಟ್ ಬರೆದ ಈ ಚಿತ್ರ ‘ಲಂಡನ್ ಒಪೀನಿಯನ್’ ಪತ್ರಿಕೆಯ ಮುಖಪುಟದಲ್ಲಿ ಮೊದಲು ಪ್ರಕಟವಾದುದು 1914ರ ಸೆಪ್ಟೆಂಬರ್ 5ರಂದು. ಆದರೆ ಬ್ರಿಟನ್ನಿನಲ್ಲಿ ಒಂದೇ ದಿನ ಅತ್ಯಧಿಕ ಸಂಖ್ಯೆಯ ಜನರು, ಎಂದರೆ 33,204 ಮಂದಿ, ಸೈನ್ಯಕ್ಕೆ ಸೇರಿದುದು ಅದಕ್ಕೆ ಎರಡು ದಿನ ಮುಂಚೆ, ಸೆಪ್ಟೆಂಬರ್ 3ರಂದು. ಆ ನೂಕುನುಗ್ಗಲಿಗೆ ಮುಂಚೆ ಬಂದುದು ವೀರಚಿತ್ರವಲ್ಲ, ಸೋಲಿನ ಸುದ್ದಿ: ಬ್ರಿಟಿಷ್ ಸೇನೆ ಭಾರಿ ನಷ್ಟಕ್ಕೀಡಾಗಿ ಹಿಂದೆಗೆಯುತ್ತಿದೆಯೆಂಬ ವರದಿಯನ್ನು ‘ಟೈಮ್ಸ್’ ಪತ್ರಿಕೆ ಆಗಸ್ಟ್ 30ರಂದು ಅಚ್ಚುಮಾಡಿದ್ದಿತು. ಯುದ್ಧಾರಂಭದಲ್ಲಿ ಕೆಲಸ ಕಳೆದುಕೊಂಡವರ ಸಂಖ್ಯೆಯೂ ಕಡಮೆಯಾಗಿರಲಿಲ್ಲ. ನಾವು ಇಂದು ಕಾರಣವೆಂದು ಭಾವಿಸುವ ಚಿತ್ರ, ಕಾರ್ಯವು ಪರಾಕಾಷ್ಠೆಗೆ ಮುಟ್ಟಿದ ಮೇಲೆ ಹುಟ್ಟಿದುದು.

ಇನ್ನು ಭಾರತದ ಸಂಗತಿ. 1914ರಲ್ಲಿ ಭಾರತೀಯ ಸೈನ್ಯದಲ್ಲಿದ್ದ ಯೋಧರು ಸುಮಾರು ಒಂದೂವರೆ ಲಕ್ಷ. ಯುದ್ಧ ಮುಗಿದು 1919 ಕಳೆಯುವ ವೇಳೆಗೆ, ಆಯುಧ ಹಿಡಿಯದ ಕೆಲಸಗಾರರನ್ನೂ ಕೂಡಿಸಿ, ಸುಮಾರು 14 ಲಕ್ಷ ಜನರು ಸೇರಿದ್ದರೆಂದು ಸರ್ಕಾರದ ಲೆಕ್ಕವಿದೆ. ಹೊಸದಾಗಿ ಸೇರಿದ ಯೋಧರಲ್ಲಿ ಸುಮಾರು ಅರ್ಧ ಪಂಜಾಬ್ ಪ್ರಾಂತವೊಂದರಿಂದಲೇ ಬಂದವರು. ಪದಾತಿ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಮೊತ್ತ ದೊಡ್ಡದಲ್ಲ, ಆದರೆ ಮಳೆಯನ್ನು ನಂಬದೆ ತಿಂಗಳು ತಿಂಗಳಿಗೆ ಬರುವ ಹಣ. ಹೊಲ ಸಣ್ಣದಾಗಿ ಮಕ್ಕಳು ಹೆಚ್ಚಾದ ಮನೆಯಲ್ಲಿ ಒಬ್ಬ ಮಗ ಸೈನ್ಯದಲ್ಲಿದ್ದರೆ ಸಾಲ ತೀರುತ್ತಿದ್ದಿತು, ತಂಗಿಯ ಮದುವೆ ನಡೆಯುತ್ತಿದ್ದಿತು, ಮುಂದೆ ಪಿಂಚಣಿಯ ಆಸರೆ ಇರುತ್ತಿದ್ದಿತು. ಇದರ ಜೊತೆಗೆ ಪಂಜಾಬಿನ ಕಾಲುವೆ ವಸಾಹತುಗಳಲ್ಲಿ ಸುಮಾರು 1,80,000 ಎಕರೆ ನೀರಾವರಿ ಭೂಮಿಯನ್ನು ಯುದ್ಧದಲ್ಲಿ ವಿಶೇಷ ಸೇವೆ ಸಲ್ಲಿಸಿದವರಿಗಾಗಿ ಕಾದಿರಿಸಲಾಯಿತು. ನೆತ್ತರುಗೊಡಗೆಯ ಪದ್ಧತಿ ಹೊಸ ಹೆಸರಿನಲ್ಲಿ ಮುಂದುವರಿಯಿತೆಂದರೆ ತಪ್ಪಾಗದು.

ಆದುದರಿಂದ ಅವರು ಹಣಕ್ಕಾಗಿಯೇ ಹೋದರೆಂದು ತೀರ್ಮಾನಿಸುವುದು ಅವಸರವಾದೀತು. ‘ಇಜ್ಜತ್’ ಎಂಬ ಮಾತು ಆ ಸಿಪಾಯಿಗಳ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ. ತಂದೆ ಇದ್ದ ಪಡೆಯಲ್ಲೇ ಮಗನೂ ಇರುವುದು, ಊರಿನಲ್ಲಿ ಮನೆತನದ ಹೆಸರು ಉಳಿಯುವುದು, ಉಂಡ ಉಪ್ಪಿಗೆ ಎರಡು ಬಗೆಯದಿರುವುದು ಇವೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿದ್ದುವು. ಸಂಬಳವಿಲ್ಲದೆ ಮಾನವಿಲ್ಲ, ಮಾನವಿಲ್ಲದ ಸಂಬಳಕ್ಕೆ ಹೋಗುವವರೂ ಕಡಮೆ. ನಾವು ವಿಂಗಡಿಸಿ ಎರಡು ತಕ್ಕಡಿಯಲ್ಲಿ ತೂಗುವುದನ್ನು ಅವರು ಒಂದಾಗಿಯೇ ಬಾಳಿದರು. ಸೈನ್ಯಕ್ಕೆ ಸೇರುವುದು ಒಬ್ಬನ ತೀರ್ಮಾನವಾಗಿದ್ದುದಕ್ಕಿಂತ ಒಂದು ಮನೆಯ ತೀರ್ಮಾನವಾಗಿದ್ದುದೇ ಹೆಚ್ಚು.

ಈ ಕಾಲದಲ್ಲಿ ಯುದ್ಧವು ಹೇಗೆ ಚಿತ್ರಿತವಾಯಿತೆಂಬುದನ್ನು ನೋಡೋಣ. ಎಚ್. ಡಿ. ಗರ್ಡ್‌ವುಡ್ ಎಂಬ ಛಾಯಾಚಿತ್ರಕಾರನು 1915ರಲ್ಲಿ ಫ್ರಾನ್ಸಿಗೆ ಹೋಗಿ ಭಾರತೀಯ ಪಡೆಗಳ ಚಿತ್ರಗಳನ್ನು ತೆಗೆದನು. ಅವುಗಳಲ್ಲಿ ಹಲವು ನಿಜವಾದ ಕದನದವಲ್ಲ, ಅಣಿಮಾಡಿ ನಿಲ್ಲಿಸಿ ತೆಗೆದವು. ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ಅರಮನೆಯಾಗಿದ್ದ ರಾಯಲ್ ಪೆವಿಲಿಯನ್ನನ್ನು 1914ರ ಡಿಸೆಂಬರಿನಲ್ಲಿ ಗಾಯಗೊಂಡ ಭಾರತೀಯರ ಆಸ್ಪತ್ರೆಯನ್ನಾಗಿ ಮಾಡಲಾಯಿತು. ಚಿತ್ತಾರದ ಚಾವಣಿಯ ಕೆಳಗೆ ಸಾಲಾಗಿ ಮಲಗಿದ ಸಿಪಾಯಿಗಳ ಚಿತ್ರಗಳು ಅಂಚೆಕಾರ್ಡುಗಳಾಗಿ ಮಾರಾಟವಾದುವು; ಆಸ್ಪತ್ರೆಯ ವರ್ಣನೆಯ ಪುಸ್ತಿಕೆ ಇಂಗ್ಲಿಷಿನಲ್ಲಲ್ಲದೆ ಉರ್ದು ಮತ್ತು ಗುರುಮುಖಿಯಲ್ಲಿಯೂ ಅಚ್ಚಾಯಿತು. ಚಕ್ರವರ್ತಿಯು ತನ್ನ ಅರಮನೆಯನ್ನೇ ಸಿಪಾಯಿಗೆ ಬಿಟ್ಟುಕೊಟ್ಟನೆಂಬ ಭಾವನೆ ಹರಡಬೇಕೆಂಬುದು ಇದರ ಉದ್ದೇಶ. ಅದೇ ನಗರದ ಕಿಚನರ್ ಆಸ್ಪತ್ರೆಯಲ್ಲಿ ಗಾಯಾಳುಗಳು ಹೊರಗೆ ತಿರುಗಾಡದಂತೆ ಕಟ್ಟುನಿಟ್ಟಿನ ನಿರ್ಬಂಧಗಳಿದ್ದುದು ಮಾತ್ರ ಯಾವ ಅಂಚೆಕಾರ್ಡಿನಲ್ಲಿಯೂ ಕಾಣುವುದಿಲ್ಲ.

ಈ ಚಿತ್ರಗಳಿಗೆ ಎದುರಾಗಿ ನಿಲ್ಲುವ ಸಾಕ್ಷ್ಯವೆಂದರೆ ಸಿಪಾಯಿಗಳ ಕಾಗದಗಳು. ಫ್ರಾನ್ಸಿನಲ್ಲಿದ್ದ ಭಾರತೀಯರ ಅಂಚೆಯನ್ನು ಪರಿಶೀಲಿಸಲು 1914ರ ಕೊನೆಯಲ್ಲಿ ಕಚೇರಿಯೊಂದು ಏರ್ಪಟ್ಟಿತು. ಅದರ ಅಧಿಕಾರಿ ಈವ್ಲಿನ್ ಹೊವೆಲ್ ಮತ್ತು ಅವನ ಸಹಾಯಕರು ಇಂಗ್ಲಿಷಿಗೆ ಅನುವಾದಿಸಿ ಇಟ್ಟ ಭಾಗಗಳು ಇಂದಿಗೂ ಲಂಡನ್ನಿನಲ್ಲಿ ಉಳಿದಿವೆ. ಡೇವಿಡ್ ಒಮಿಸ್ಸಿಯವರು ಇವುಗಳಿಂದ ಆಯ್ದ ಸಂಕಲನವನ್ನು 1999ರಲ್ಲಿ ಪ್ರಕಟಿಸಿದರು. ಈ ಕಾಗದಗಳನ್ನು ಎಚ್ಚರಿಕೆಯಿಂದ ಬಳಸಬೇಕು. ಬಹುಮಂದಿ ಸಿಪಾಯಿಗಳು ಬೇರೆಯವರಿಂದ ಬರೆಸಿದರು. ತಮ್ಮ ಕಾಗದವನ್ನು ಅಧಿಕಾರಿಗಳು ಓದುವರೆಂಬುದೂ ಅವರಿಗೆ ಗೊತ್ತಿದ್ದಿತು. ಮೂಲಗಳು ನಮ್ಮ ಕೈಗೆ ಬಂದಿಲ್ಲ. ಆದರೂ ಅವು ಹೇಳುವುದು ಕಡಮೆಯಲ್ಲ. ದೊರೆಯ ಸೇವೆಯಲ್ಲಿ ಮಡಿಯುವುದು ಪುಣ್ಯವೆಂದು ಬರೆದವರಿದ್ದಾರೆ. ತಮ್ಮನನ್ನು ಮಾತ್ರ ಸೈನ್ಯಕ್ಕೆ ಸೇರಿಸಬೇಡಿರೆಂದು ಮನೆಗೆ ಬರೆದವರೂ ಇದ್ದಾರೆ. ಭಾರತೀಯರನ್ನು ‘ಕರಿಮೆಣಸು’ ಎಂದೂ ಬಿಳಿಯ ಸಿಪಾಯಿಗಳನ್ನು ‘ಕೆಂಪು ಮೆಣಸು’ ಎಂದೂ ಕರೆದು, ಯಾವುದು ಎಷ್ಟು ಖರ್ಚಾಯಿತೆಂದು ಅಡಿಗೆಯ ಮಾತಿನಲ್ಲಿ ಸಾವಿನ ಲೆಕ್ಕ ತಿಳಿಸಿದವರೂ ಉಂಟು.

ಹಳ್ಳಿಯವರು ಯಾವುದನ್ನು ನಂಬಿದರು? ಸರ್ಕಾರದ ನಡತೆಯೇ ಇದಕ್ಕೆ ಉತ್ತರ ಕೊಡುತ್ತದೆ. ಚಿತ್ರಗಳು ತಮ್ಮ ಕೆಲಸ ಮಾಡಿದ್ದರೆ ಹೊಸ ಆಮಿಷಗಳು ಬೇಕಾಗುತ್ತಿರಲಿಲ್ಲ. ಆದರೆ 1917ರಲ್ಲಿ ಸಿಪಾಯಿಗೆ ಉಚಿತ ಪಡಿಯನ್ನೂ, ಸೇರುವವನಿಗೆ ಬಹುಮಾನದ ಹಣವನ್ನೂ ಕೊಡಬೇಕಾಯಿತು. ಅದೇ ವರ್ಷ ಕೇಂದ್ರ ಮಂಡಲಿಯೊಂದನ್ನು ರಚಿಸಿ ಪ್ರಾಂತಗಳಿಗೆ ಇಷ್ಟಿಷ್ಟು ಜನರೆಂದು ಹಂಚಲಾಯಿತು. ಲಾರ್ಡ್ ರಾಬರ್ಟ್ಸನ ಕಾಲದಿಂದ ‘ಯೋಧಜಾತಿ’ಗಳಲ್ಲವೆಂದು ದೂರವಿಟ್ಟಿದ್ದ ಅನೇಕ ವರ್ಗಗಳಿಗೆ ಈಗ ಬಾಗಿಲು ತೆರೆಯಿತು. ಲೆಫ್ಟಿನೆಂಟ್ ಗವರ್ನರ್ ಮೈಕೇಲ್ ಓಡ್ವಯರನ ಆಡಳಿತದಲ್ಲಿ ಪಂಜಾಬಿನ ಕೆಲವೆಡೆ ಒತ್ತಾಯ ಮಿತಿಮೀರಿ, 1918ರಲ್ಲಿ ಶಾಹಪುರ ಜಿಲ್ಲೆಯಲ್ಲಿ ತಹಶೀಲ್ದಾರನೊಬ್ಬನನ್ನು ಹಳ್ಳಿಗರು ಕೊಂದರು.

ಗಾಂಧೀಜಿಯವರ ಅನುಭವವೂ ಇಲ್ಲಿ ಸ್ಮರಣೀಯ. 1918ರಲ್ಲಿ ಅವರು ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ಸ್ವರಾಜ್ಯದ ಆಸೆಯನ್ನು ಮುಂದಿಟ್ಟು, ಸೈನ್ಯಕ್ಕೆ ಜನರನ್ನು ಸೇರಿಸಲು ಹೊರಟರು. ಕೆಲವೇ ವಾರಗಳ ಹಿಂದೆ ಕಂದಾಯ ಸತ್ಯಾಗ್ರಹದಲ್ಲಿ ಬಾಡಿಗೆ ಕೇಳದೆ ಗಾಡಿ ಕೊಟ್ಟ ಜನರೇ ಈಗ ಬಾಡಿಗೆಗೂ ಗಾಡಿ ಕೊಡಲಿಲ್ಲವೆಂದು ಅವರು ಆತ್ಮಕಥೆಯಲ್ಲಿ ಹೇಳಿದ್ದಾರೆ. ಅಂತಹ ನಾಯಕರ ಮಾತಿಗೂ ಏಳದ ರೈತ, ಅಂಚೆಕಾರ್ಡನ್ನು ನೋಡಿ ಎದ್ದನೆಂದು ನಂಬುವುದು ಕಷ್ಟ.

ನಮ್ಮ ನಾಡಿನ ಸಂಬಂಧವೂ ಇದರಲ್ಲಿದೆ. ಮೈಸೂರು ಸಂಸ್ಥಾನದ ಅಶ್ವಪಡೆಯಾದ ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವಪಡೆಯೊಡನೆ ಸೇರಿ ಹೈಫಾ ನಗರವನ್ನು ಹಿಡಿದಾಗ, ಕಾರ್ಮೆಲ್ ಬೆಟ್ಟದ ಮೇಲಣ ಫಿರಂಗಿಗಳ ಮೇಲೆ ಏರಿಹೋದವರು ಮೈಸೂರಿನವರು. ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಆ ಚೌಕಕ್ಕೆ 2018ರಲ್ಲಿ ಹೈಫಾದ ಹೆಸರು ಸೇರಿತು. ಬೆಂಗಳೂರಿನಲ್ಲಿಯೂ ಆ ಪಡೆಯ ಸ್ಮಾರಕವಿದೆ. 1914ರಲ್ಲಿ ಹಡಗು ಹತ್ತಿದ ಸವಾರರು ಯುದ್ಧದ ಯಾವ ಚಿತ್ರವನ್ನೂ ನೋಡಿ ಸೇರಿದವರಲ್ಲ. ಶಾಂತಿಕಾಲದಲ್ಲಿ ಸಂಸ್ಥಾನದ ಚಾಕರಿಗೆ ಸೇರಿ, ಆಜ್ಞೆ ಬಂದಾಗ ಕಡಲು ದಾಟಿದವರು. ಚಕ್ರವರ್ತಿಯ ಭಕ್ತರೆಂಬ ಹೆಸರು ಮೊದಲು ಅವರಿಗೆ ಬಂದಿತು, ಆಮೇಲೆ ಮರೆವು, ಈಗ ಮತ್ತೆ ಹೊಗಳಿಕೆ. ಈ ಮೂರರಲ್ಲಿ ಯಾವುದೂ ಅವರನ್ನು ಕೇಳಿ ಇಟ್ಟುದಲ್ಲ.

ಇದುವರೆಗಿನ ವಿವೇಚನೆಯಿಂದ ಸಿದ್ಧವಾಗುವುದೇನೆಂದರೆ, ಯುದ್ಧದ ಚಿತ್ರವು ಜನರನ್ನು ಸೈನ್ಯಕ್ಕೆ ಕರೆತರುವುದಕ್ಕಿಂತ ಹೆಚ್ಚಾಗಿ, ಬಂದವರ ಕಾರಣಗಳನ್ನು ಮರೆಸಿ ತನ್ನ ಕಾರಣವನ್ನು ಅವರ ಮೇಲೆ ಹೊರಿಸುತ್ತದೆ. ಈ ಯುದ್ಧದಲ್ಲಿ 74,000ಕ್ಕೂ ಹೆಚ್ಚು ಭಾರತೀಯರು ಮಡಿದರು. ಅವರನ್ನು ಭಕ್ತರೆಂದಾಗಲಿ ಬಾಡಿಗೆಯವರೆಂದಾಗಲಿ ಕರೆದರೆ ಅವರ ಮನೆ, ಸಾಲ, ಮಾನ, ಭಯ ಎಲ್ಲವೂ ಇತಿಹಾಸದಿಂದ ಅಳಿಸಿಹೋಗುತ್ತವೆ. ಜೀವನೋಪಾಯಕ್ಕಾಗಿ ಸೈನ್ಯಕ್ಕೆ ಸೇರುವುದರಲ್ಲಿ ಅವಮಾನವೇನೂ ಇಲ್ಲ. 2022ರಲ್ಲಿ ಪಿಂಚಣಿಯಿಲ್ಲದ ನಾಲ್ಕು ವರ್ಷಗಳ ಅಗ್ನಿಪಥ ಯೋಜನೆ ಪ್ರಕಟವಾದಾಗ ಬಿಹಾರವೇ ಮೊದಲಾದ ಕಡೆಗಳಲ್ಲಿ ಬೀದಿಗಿಳಿದ ತರುಣರು ಸೈನ್ಯವನ್ನು ನಿರಾಕರಿಸಿದವರಲ್ಲ. ಅದಕ್ಕೆ ಸೇರಲೆಂದೇ ವರ್ಷಗಟ್ಟಲೆ ಓಡಿ ಅಣಿಯಾದವರು. ಅವರಿಗೂ ಮಾನವೂ ಅನ್ನವೂ ಬೇರೆಯಾಗಿರಲಿಲ್ಲ.

ನಮ್ಮ ಕಾಲೇಜುಗಳಲ್ಲಿ ಮಹಾಯುದ್ಧದ ಪಾಠ ಸಾಮಾನ್ಯವಾಗಿ ಸಾರಯೇವೊದ ಕೊಲೆಯಿಂದ ತೊಡಗಿ ವರ್ಸೇಲ್ಸ್ ಒಪ್ಪಂದದಲ್ಲಿ ಮುಗಿಯುತ್ತದೆ. ಅದರ ಜೊತೆಗೆ ವಿದ್ಯಾರ್ಥಿಗಳ ಮುಂದೆ ಒಂದು ಅಂಚೆಕಾರ್ಡನ್ನೂ ಒಂದು ಸಿಪಾಯಿಯ ಕಾಗದವನ್ನೂ ಒಂದು ಭೂದಾನದ ಆಜ್ಞೆಯನ್ನೂ ಒಟ್ಟಿಗಿಟ್ಟು ಓದಿಸಿದರೆ ಪ್ರಯೋಜನವಾದೀತೆಂದು ನಮ್ಮ ಅಭಿಪ್ರಾಯ. ಬೇಗೂರಿನ ಕಲ್ಲನ್ನು ಅರಿಯಬೇಕಾದರೆ ಶಿಲ್ಪವನ್ನೂ ಶಾಸನವನ್ನೂ ಒಟ್ಟಿಗೆ ನೋಡಬೇಕು. 1914ರ ಕಾಗದಗಳನ್ನೂ ಹಾಗೆಯೇ ಓದಬೇಕಾಗಿದೆ.