ಹೆಂಚಿನ ಕಾರ್ಖಾನೆಯೂ ಪ್ರಾರ್ಥನಾಮಂದಿರವೂ

ಬಾಸೆಲ್ ಮಿಷನ್ನಿನ ಹೆಸರನ್ನು ಕಿಟ್ಟೆಲರ ನಿಘಂಟಿನಿಂದಲೋ 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯಿಂದಲೋ ಬಲ್ಲ ಕನ್ನಡಿಗರು ಹೊರದೇಶಗಳಲ್ಲಿಯೂ ಬಹುಮಂದಿ ಇದ್ದಾರೆ, ಆ ಮಿಷನ್ನಿನ ಆಶ್ರಯದಲ್ಲಿ ಬೆಳೆದ ತುಳುನಾಡಿನ ಕ್ರೈಸ್ತ ಸಭೆಯು ತನ್ನ ವಿಶ್ವಾಸವನ್ನು ದಿನದಿನದ ದುಡಿಮೆಯಲ್ಲಿ ಹೇಗೆ ಬಾಳಿತೆಂಬುದನ್ನು ಅರಿತವರು ಮಾತ್ರ ವಿರಳ.

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಮಿಷನ್ನಿನ ಉಪದೇಶಕ್ಕೆ ಓಗೊಟ್ಟವರಲ್ಲಿ ಸಾರಸ್ವತ ಬ್ರಾಹ್ಮಣ ಕುಲದ ಆನಂದರಾವ್ ಕೌಂಡಿನ್ಯರೂ ಉಂಟು. 1844ರಲ್ಲಿ ದೀಕ್ಷಾಸ್ನಾನ ಪಡೆದ ಅವರು ಬಾಸೆಲಿನಲ್ಲಿ ವ್ಯಾಸಂಗ ಮಾಡಿ ಪಾದ್ರಿಯಾಗಿ ಮರಳಿದರು. ಆದರೆ ಸಭೆಗೆ ಸೇರಿದವರಲ್ಲಿ ಬಿಲ್ಲವರೇ ಬಹಳ. ಮದ್ಯವನ್ನು ನಿಷೇಧಿಸಿದ ಸಭೆಯಲ್ಲಿ ಅವರ ಕುಲಕಸಬಾದ ಮೂರ್ತೆಗೆ ಎಡೆಯಿರಲಿಲ್ಲವಾದುದರಿಂದ, ಮರವೇರಿ ಕಳ್ಳಿಳಿಸುತ್ತಿದ್ದವನು ಕತ್ತಿಯನ್ನು ಕೆಳಗಿಡಬೇಕಾಯಿತು. ಭೂತಾರಾಧನೆಯಿಂದ ಹಿಂದೆಗೆದವನಿಗೆ ಬಂಧುಗಳ ಆಸರೆಯೂ ಎಷ್ಟೋ ವೇಳೆ ಗೇಣಿಯ ಭೂಮಿಯೂ ತಪ್ಪಿದುವು. ಅನ್ನದ ಆಸೆಗೆ ಮತಾಂತರವಾದರೆಂದು ಸುಲಭವಾಗಿ ನುಡಿಯುವವರು, ಇವರು ಮೊದಲು ಕಳೆದುಕೊಂಡುದು ಅನ್ನವನ್ನೇ ಎಂಬುದನ್ನು ನೆನೆಯುವುದೊಳ್ಳೆಯದು.

ಈ ನಿರಾಶ್ರಿತರಿಗೆ ಮಿಷನ್ನಿನ ಮುದ್ರಣಾಲಯವೂ ಕೆಲಸ ಕೊಟ್ಟಿತು; ಇವರಿಗಾಗಿಯೇ ಮಗ್ಗಗಳೂ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬಾತನ ಕೈಯಿಂದ ಹೆಂಚಿನ ಕಾರ್ಖಾನೆಯೂ ಏರ್ಪಟ್ಟುವು. ದುಡಿಮೆಯು ದೇವರ ಮುಂದಿನ ಕರ್ತವ್ಯವೆಂದು ನಂಬಿದ ಜರ್ಮನಿಯ ವುರ್ಟೆಂಬರ್ಗಿನ ಭಕ್ತಿಪಂಥದಿಂದ ಬಂದ ಮಿಷನರಿಗಳಿಗೆ ಇದು ಲೌಕಿಕ ವ್ಯವಹಾರವಾಗಿ ತೋರಲಿಲ್ಲ. ನದೀತೀರದ ಜೇಡಿಯನ್ನು ಹದಗೊಳಿಸಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಆರಿಸಿ, ಗೂಡಿನಲ್ಲಿ ಸುಟ್ಟ ಹೆಂಚಿನ ಮೈಮೇಲೆ ಮಿಷನ್ನಿನ ಹೆಸರು ಉಬ್ಬಕ್ಷರಗಳಲ್ಲಿ ಮೂಡುತ್ತಿತ್ತು. ಮಳೆಗಾಲವನ್ನೂ ಉಳುಮೆಯನ್ನೂ ನೋಡಿ ದಿನ ಕಳೆಯುತ್ತಿದ್ದವರು ಗಂಟೆಯ ಸದ್ದಿಗೆ ಒಗ್ಗಿದರು; ಮನೆಯಲ್ಲಿ ತುಳುವನ್ನಾಡಿ, ಆದಿತ್ಯವಾರದ ಆರಾಧನೆಯಲ್ಲಿ ಕನ್ನಡದ ಕೀರ್ತನೆಗಳನ್ನು ಹಾಡಿದರು.

ಶಿಸ್ತೂ ಕಠಿನವಾಗಿತ್ತು. ಕುಡಿತ, ಜೂಜುಗಳಿಗೆ ಸಿಕ್ಕಿದವನನ್ನು ಸಭೆಯ ಹಿರಿಯರು ವಿಚಾರಿಸುತ್ತಿದ್ದರು; ತಿದ್ದಿಕೊಳ್ಳದಿದ್ದರೆ ಕರ್ತನ ಭೋಜನದಲ್ಲಿ ಅವನಿಗೆ ಪಾಲಿರಲಿಲ್ಲ. ಕೂಲಿ ಕೊಡುವ ಕೈಯೂ ಆತ್ಮವನ್ನು ಕಾಯುವ ಕೈಯೂ ಒಂದೇ ಆಗಿದ್ದುದು ನನಗೆ ಹಿತವಾಗಿ ಕಾಣುವುದಿಲ್ಲ. ಆದರೂ ಮೈಮುರಿದು ದುಡಿಯುವುದರಲ್ಲಿ ಅವಮಾನವಿಲ್ಲವೆಂಬ ಭಾವವು ಈ ಸಮುದಾಯದ ಸ್ವಭಾವವೇ ಆದುದು ಆ ಕಟ್ಟುಪಾಡಿನಿಂದಲೇ.

1914ರ ಮಹಾಯುದ್ಧದಿಂದಾಗಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಕೈಬದಲಾದುವು. ಸಭೆಗಳು ಮಾತ್ರ ನಿಂತುವು. ಈ ಸಭೆಗಳ ಮನೆತನಗಳಿಂದ ಬಂದ ಓದುಗರು ತಮ್ಮ ಪೆಟ್ಟಿಗೆಗಳಲ್ಲಿ ಹಿರಿಯರ ದೀಕ್ಷಾಸ್ನಾನದ ಪತ್ರಗಳೋ ಕಾಗದಗಳೋ ಉಳಿದಿದ್ದರೆ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲೆಸಂಗ್ರಹಕ್ಕೆ ಒಂದೊಂದು ಪ್ರತಿಯನ್ನಾದರೂ ತಲಪಿಸುವ ಯೋಚನೆ ಮಾಡಬೇಕೆಂದು ವಿನಂತಿಸುತ್ತೇನೆ.